ಇಮಾಂಬಿಯ ಹೆಸರು ಓದಿದ ರವಿವಾರ

ನಾನು ಒಂದು ರೇಡಿಯೋ. ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ, ಬೆಸುಗೆ ಹಾಕುವ ಹೆಣ್ಣುಮಕ್ಕಳ ಕೈಯಲ್ಲಿ ನನಗೆ ಜೀವ ಬಂತು. ಮೊದಲು ಗದಗದ ಒಬ್ಬ ಮಾಸ್ತರರ ಮನೆ ಸೇರಿದೆ. ಅವರಿಗೆ ವಾರ್ತೆಯೊಂದೇ ಸಾಕು. ಹಾಡು ಶುರುವಾಯಿತೋ, ನನ್ನ ಕಿವಿ ಹಿಂಡಿ ಬಾಯಿ ಮುಚ್ಚಿಸುತ್ತಿದ್ದರು. ವರ್ಗವಾದಾಗ ಎರಡು ಗಾದಿಗೆ ಬದಲಾಗಿ ನನ್ನನ್ನು ಇಮಾಂಬಿಗೆ ಕೊಟ್ಟು ಹೋದರು. ಪುಣ್ಯಾತ್ಮರು, ಅದೊಂದು ಒಳ್ಳೆಯ ಕೆಲಸ ಮಾಡಿದರು.

ಇಮಾಂಬಿ ಹತ್ತಿ ತುಂಬಿ ಗಾದಿ ಹೊಲಿಯುವವಳು. ಅವಳ ಅಂಗಡಿಗೆ ಬಂದಮೇಲೆ ನನ್ನ ಮುಳ್ಳು ಒಂದೇ ಕಡೆ ನಿಂತಿತು: ಹಳೆಯ ಹಾಡುಗಳನ್ನಷ್ಟೇ ಹಾಕುವ ಒಂದು ನಿಲಯ. ಅಂಥದ್ದು ಮತ್ತೊಂದಿರಲಿಲ್ಲ. ಅಲ್ಲಿ ಹಾಡುವವರಿಗೂ ಅವಸರವಿಲ್ಲ, ನಡುವೆ ಮಾತಾಡುವವರಿಗೂ ಇಲ್ಲ. ಒಂದು ಹಾಡು ಮುಗಿಯುವಷ್ಟರಲ್ಲಿ ಗಾದಿಯ ಮೇಲೆ ಒಂದು ಸಾಲು ಹೊಲಿಗೆ ಮುಗಿಯುತ್ತಿತ್ತು. ಮಗ ಮೌಲಾಲಿ ಒಮ್ಮೆ ಹೊಸ ಹಾಡಿನ ಕಡೆ ಮುಳ್ಳು ತಿರುಗಿಸಿದ. ಅರ್ಧ ತಾಸಿನಲ್ಲಿ ಹೊಲಿಗೆಯೆಲ್ಲ ಅಂಕುಡೊಂಕು.

"ಕುಣಿಯೋರಿಗೆ ಹಚ್ಚು ಅದನ್ನ. ಕುಂತು ದುಡಿಯೋರಿಗೆ ಇದ ಬೇಕು" ಎಂದು ಅವಳೇ ತಿರುಗಿಸಿ ತಂದಳು.

ರವಿವಾರ ಮುಂಜಾನೆ ಕೇಳುಗರು ಬಯಸಿದ ಹಾಡುಗಳು. ಹಾಡಿಗೆ ಮುಂಚೆ, ಕಾರ್ಡು ಬರೆದವರ ಮನೆಮಂದಿಯ ಹೆಸರನ್ನೆಲ್ಲ ಓದುತ್ತಿದ್ದರು. ಇಮಾಂಬಿಯ ತಮ್ಮ ದಾವಲಸಾಬ ಲಕ್ಷ್ಮೇಶ್ವರದಲ್ಲಿದ್ದ. ವಾರ ತಪ್ಪದೆ ಕಾರ್ಡು ಬರೆಯುವ ಚಟ ಅವನಿಗೆ. ಪಟ್ಟಿಯಲ್ಲಿ ಮೊದಲ ಹೆಸರು ಅಕ್ಕನದು, ಆಮೇಲೆ ತನ್ನದು, ಹೆಂಡತಿ ಮಕ್ಕಳದು. ನಾನು "ಇಮಾಂಬಿ" ಎಂದ ಕೂಡಲೇ ಅವಳ ಸೂಜಿ ಒಂದು ಗಳಿಗೆ ನಿಲ್ಲುತ್ತಿತ್ತು. ಆ ಸಂತೋಷ ನೋಡುವುದೇ ನನಗೆ ಹಬ್ಬ.

ಒಂದು ವರ್ಷ ದಾವಲಸಾಬ ತನ್ನ ಮಗಳನ್ನು ಮೌಲಾಲಿಗೆ ಕೊಡುತ್ತೇನೆಂದ. ಹುಡುಗ ಬೇರೆ ಕಡೆ ಮನಸ್ಸು ಕೊಟ್ಟಿದ್ದ. ಇಮಾಂಬಿ ಆಗುವುದಿಲ್ಲ ಎಂದಳು. ಅಷ್ಟಕ್ಕೇ ಅಕ್ಕ ತಮ್ಮನ ನಡುವೆ ಮಾತು ನಿಂತಿತು. ಆ ರವಿವಾರ ಅಕ್ಕನ ಹೆಸರಿಲ್ಲದೆ ಪಟ್ಟಿ ದಾವಲಸಾಬನಿಂದಲೇ ಶುರುವಾಯಿತು. ನನ್ನ ಬಾಯಿಂದಲೇ ಅದನ್ನು ಕೇಳಿಸಬೇಕಾಯಿತಲ್ಲ ಎಂದು ಸಂಕಟಪಟ್ಟೆ.

ಮೂರು ವರ್ಷ ಅವಳು ಕಾದಳು. ಓಣಿಯಲ್ಲಿ ಎಲ್ಲರೂ ಟೀವಿ, ಮೊಬೈಲ್ ಹಿಡಿದಿದ್ದರು, ಆ ನಿಲಯ ಕೇಳುವವಳು ಅವಳೊಬ್ಬಳೇ. "ಹೆಸರು ಕೊಟ್ಟಾನಂದ್ರ ಕರದಂಗ. ಆವತ್ತ ಬಸ್ ಹತ್ತತೀನಿ" ಎನ್ನುತ್ತಿದ್ದಳು.

ಅಷ್ಟರಲ್ಲಿ ನನಗೂ ವಯಸ್ಸಾಗಿತ್ತು. ಒಂದು ಶನಿವಾರ ಒಳಗಿನ ತಂತಿ ಸಡಿಲಾಗಿ ದನಿ ನಿಂತುಹೋಯಿತು. ದೀಪ ಹತ್ತುತ್ತಿತ್ತು, ನಿಲಯ ನನಗೆ ಕೇಳುತ್ತಿತ್ತು, ಹೊರಗೆ ಮಾತ್ರ ಉಸಿರಿಲ್ಲ. ಮರುದಿನ ಮುಂಜಾನೆ ಪಟ್ಟಿ ಬಂತು: "ಲಕ್ಷ್ಮೇಶ್ವರದಿಂದ ಇಮಾಂಬಿ, ದಾವಲಸಾಬ..." ಮೂರು ವರ್ಷದ ಮೇಲೆ ಬಂದ ಹೆಸರು ನನ್ನ ಗಂಟಲಲ್ಲೇ ಸಿಕ್ಕಿಕೊಂಡಿತು. ಅವಳು ಎದುರಿಗೇ ತಲೆ ಬಗ್ಗಿಸಿ ಹೊಲಿಯುತ್ತಿದ್ದಳು. ರಿಪೇರಿಯವನು ಆಮೇಲೆ ನನ್ನನ್ನು ನೋಡಿ, ಇಂಥದ್ದರ ಸಾಮಾನು ಈಗ ಸಿಗುವುದಿಲ್ಲ ಎಂದು ಕೈಚೆಲ್ಲಿಬಿಟ್ಟ.

ಹದಿನೈದು ದಿನದ ಮೇಲೆ ಲಕ್ಷ್ಮೇಶ್ವರದವರೊಬ್ಬರು ಗಾದಿಗೆ ಬಂದರು. "ನಿಮ್ಮ ತಮ್ಮ ರೇಡಿಯೋದಾಗ ನಿಮ್ಮ ಹೆಸರು ಕೊಟ್ಟು ಎಂಟು ದಿನ ಬಾಗಿಲಾ ಕಾಯ್ದ. ನೀವು ಬರಲೇ ಇಲ್ಲಲ್ಲ" ಎಂದರು.

ಇಮಾಂಬಿಯ ಕೈಯಿಂದ ಸೂಜಿ ಬಿತ್ತು. ನನ್ನನ್ನು ಹಳೆಯ ಚಾದರದಲ್ಲಿ ಸುತ್ತಿಕೊಂಡು ಆಗಲೇ ಬಸ್ ಹತ್ತಿದಳು. ಅದೇನು ರಸ್ತೆಯೋ, ಹಾಳಾದ್ದು. ನನ್ನ ಎಲುಬುಗಳೆಲ್ಲ ಅಲ್ಲಾಡಿಹೋದವು.

ದಾವಲಸಾಬ ಬಾಗಿಲಲ್ಲೇ ನಿಂತ. "ಮೂವತ್ತು ವರ್ಷ ಒಂದು ರವಿವಾರ ಬಿಟ್ಟಾಕಿ ಅಲ್ಲ ನೀನು. ಕೇಳಲಿಲ್ಲ ಅಂದ್ರ ಹೆಂಗ ನಂಬಲಿ?"

"ಇದರ ದನಿ ಹೋಗೇತಪಾ. ಹಚ್ಚಿ ನೋಡು, ನೀನ."

ಅವನು ಗುಂಡಿ ತಿರುಗಿಸಿದ. ಬಸ್ಸಿನ ಕುಲುಕಾಟಕ್ಕೆ ನನ್ನ ತಂತಿ ಹೋಗಿ ತನ್ನ ಜಾಗದಲ್ಲಿ ಕೂತಿತ್ತು. ನಾನು ಮನೆ ತುಂಬ ಹಾಡಿಬಿಟ್ಟೆ. ತಡೆದುಕೊಳ್ಳಲು ನನ್ನ ಕೈಲೇನಿತ್ತು?

"ಸುಳ್ಳು ಹೇಳಾಕ ಇದನ್ನ ಹೊತ್ಕೊಂಡು ಬಂದ್ಯಾ?" ಎಂದ ಅವನು, ಮೆಲ್ಲಗೆ.

ಇಮಾಂಬಿ ನನ್ನನ್ನು ಅಲ್ಲಾಡಿಸಿ ನೋಡಿದಳು, ಹಾಡು ನಿಲ್ಲಲಿಲ್ಲ. ಹಾಡು ಮುಗಿಯುವವರೆಗೂ ಇಬ್ಬರೂ ನಿಂತೇ ಇದ್ದರು. ಆಮೇಲೆ ಅವಳು, "ಇದನ್ನ ನೀನ ಇಟ್ಕೋ. ಇನ್ನ ನನಗ ಬ್ಯಾಡ" ಎಂದು ಚಾದರವೊಂದನ್ನೇ ಮಡಚಿಕೊಂಡು ಹೊರಟಳು.

ಈಗ ನಾನು ದಾವಲಸಾಬನ ಮನೆಯ ಗೂಡಿನಲ್ಲಿದ್ದೇನೆ. ಕಳೆದ ಚಳಿಗಾಲದಲ್ಲಿ ನನ್ನ ದನಿ ಮತ್ತೆರಡು ಸಲ ನಿಂತು, ತಾನೇ ಬಂತು. ಎರಡನೆಯ ಸಲ ಅವನು, "ಅಕ್ಕ ಖರೇನ ಹೇಳಿದ್ಲು" ಎಂದ. ಅಂದೇ ಕಾರ್ಡು ತೆಗೆದು ಬರೆದ. ಎದ್ದು ಬಸ್ ಹತ್ತು, ಒಂದು ತಾಸಿನ ದಾರಿ, ಎಂದು ಅವನಿಗೆ ಹೇಳುವವರು ಯಾರು? ರೇಡಿಯೋದಲ್ಲಿ ಮುನಿದವನು ರೇಡಿಯೋದಲ್ಲೇ ಕರೆಯಬೇಕಂತೆ, ಮೂಢ.

ಪ್ರತಿ ರವಿವಾರ ಪಟ್ಟಿಯ ಮೊದಲಿಗೆ ಇಮಾಂಬಿಯ ಹೆಸರು ಬರುತ್ತದೆ. ನಾನು ಒಂದಕ್ಷರ ನುಂಗದೆ ಹೇಳುತ್ತೇನೆ. ಅವನು ಬಾಗಿಲ ಕಡೆ ನೋಡುತ್ತಾನೆ. ಅವಳ ಮನೆಯಲ್ಲಿ ಈಗ ರೇಡಿಯೋ ಇಲ್ಲ.