ಅಮಾವಾಸ್ಯೆಯ ಫುಟ್‌ಬಾಲ್

ಗಜೇಂದ್ರಗಡದ ನೇಕಾರ ಹನಮಂತಪ್ಪನಿಗೆ ಒಂದೇ ಪ್ರಶ್ನೆ ಬೆನ್ನು ಹತ್ತಿತ್ತು. ಕುಸ್ತಿ ಎಂದರೆ ರಾಜೂರಿನಿಂದಲೂ ಚಕ್ಕಡಿ ಕಟ್ಟಿಕೊಂಡು ಬರುವ ಮಂದಿ, ತನ್ನ ಫುಟ್‌ಬಾಲ್ ತಂಡ ಆಡುವಾಗ ಪಕ್ಕದ ಓಣಿಯಿಂದಲೂ ಯಾಕೆ ಬರುವುದಿಲ್ಲ?

ಉತ್ತರ ಬೇಗ ಬೇಕಿತ್ತು. ಆಡುವ ಬಯಲು ಮಹಾಲಿಂಗಪ್ಪ ಗೌಡರದು. "ಊರಿಗೇ ಬ್ಯಾಡಾದ ಆಟಕ್ಕ ನನ್ನ ನೆಲ ಯಾಕೋ? ಇನ್ನೊಂದ ಆಟ ನೋಡ್ತೀನಿ. ಮಂದಿ ಬರಲಿಲ್ಲಂದ್ರ ನೇಗಿಲ ಹೂಡಸ್ತೀನಿ" ಎಂದುಬಿಟ್ಟಿದ್ದರು.

ಹನಮಂತಪ್ಪ ಊರೆಲ್ಲ ಕೇಳಿಕೊಂಡು ತಿರುಗಿದ. ಬಿಸಿಲು ಎಂದರು ಕೆಲವರು. ಬಿಸಿಲು ಕುಸ್ತಿಗೂ ಇರುತ್ತದಲ್ಲ! ಕೊನೆಗೆ ಮಿರ್ಚಿ ಕರಿಯುವ ಕಲ್ಲವ್ವನ ಒಲೆಯ ಮುಂದೆ ಕುಳಿತ.

"ನಮ್ಮ ಆಟಕ್ಕ ನಾಯಿನೂ ಬರಂಗಿಲ್ಲ, ಯಾಕಬೇ?"

"ನಾಯಿ ಬರ್ತಾವಲ್ಲೋ. ಮೊನ್ನೆ ಚೆಂಡ ಕಚ್ಚಿಕೊಂಡ ಓಡಲಿಲ್ಲೇನ? ಯಾವ ವಾರ ಆಡ್ತೀರಿ?"

"ರವಿವಾರ. ಸೂಟಿ ಅಲ್ಲೇನ?"

"ಯಾರಿಗೆ ಸೂಟಿ? ಸಾಲಿ ಮಾಸ್ತರಗ! ರೈತರ ಎತ್ತು ನೊಗ ಇಳಸೂದು ಸೋಮವಾರ. ನಿಮ್ಮ ಮಗ್ಗ ನಿಲ್ಲೂದು ಅಮಾಸಿಗೆ. ಅಮಾಸಿಗೆ ಎತ್ತಿಗೂ ಬಿಡುವು. ಇಷ್ಟ ತಿಳೀಲಿಲ್ಲೇನ ನಿನಗ?"

ಹನಮಂತಪ್ಪ ಅಮಾವಾಸ್ಯೆಗೇ ಆಟ ಗೊತ್ತುಮಾಡಿ ಡಂಗುರ ಹೊಡೆಸಿದ. ಆದರೆ ಹಿಂದಿನ ದಿನ ಬಸ್ಸಿನ ಕಂಡಕ್ಟರ್ ಖಾಜಾಸಾಬ, ಎದುರು ಆಡಬೇಕಿದ್ದ ರೋಣದ ತಂಡದ ಮಾತು ತಂದ: "ಅಮಾಸಿ ದಿನ ಊರ ದಾಟಬ್ಯಾಡ್ರಿ ಅಂತ ಹಿರ್ಯಾರ ಅವರನ್ನ ಬಿಡವಲ್ರಂತ."

ಎದುರಾಳಿಯೇ ಇಲ್ಲ! ಡಂಗುರ ಹೊಡೆಸಿಯಾಗಿತ್ತು. ದಿಕ್ಕುಗಾಣದೆ ಹನಮಂತಪ್ಪ ತನ್ನ ತಂಡವನ್ನೇ ಒಡೆದ. ನೇಕಾರರು ಒಂದು ಕಡೆ, ರೈತರ ಹುಡುಗರು ಇನ್ನೊಂದು ಕಡೆ. ಕಡಿಮೆ ಬಿದ್ದ ಜಾಗಕ್ಕೆ ಓಡಬಲ್ಲವರನ್ನು ಮನೆಮನೆಯಿಂದ ಎಳೆದು ತಂದರು. ನಮ್ಮ ನಮ್ಮೊಳಗಿನ ಆಟ ಯಾರು ನೋಡುತ್ತಾರೆ ಎಂಬುದೇ ಅವನ ಚಿಂತೆ.

ಸಂಜೆ ನೋಡಿದರೆ ಬಯಲಿನ ಸುತ್ತ ಕಾಲಿಡಲು ಜಾಗವಿಲ್ಲ. ಬಿಡುವು ಮಂದಿಯನ್ನು ಕರೆತಂದಿತ್ತು, ನಿಜ. ಆದರೆ ಬಂದವರು ಕದಲಲೇ ಇಲ್ಲ.

"ಎತ್ತ ಮುಂದಿಲ್ದ ಓಡಾಕ ಬರಂಗಿಲ್ಲೇನೋ?" ಎಂದು ನೇಕಾರರು ಕೂಗಿದರೆ, "ಕುಣಿಮಗ್ಗದಾಗ ಕಾಲ ಇಳಿಬಿಟ್ಟ ಕುಂದ್ರಾಂವಗ ಓಟ ಯಾಕೋ?" ಎಂದು ಆ ಕಡೆಯವರು.

"ನಮ್ಮ ಕಳಕ್ಯಾನ ಕಾಲಿಗೆ ಒದ್ದಾಂವ ಯಾವನವಾ?" ಎಂದು ಆ ಹುಡುಗನ ತಾಯಿ ಗೌರವ್ವ ಸೆರಗು ಬಿಗಿದುಕೊಂಡು ಗೆರೆ ದಾಟಿ ಒಳಗೇ ಬಂದಳು.

ಹನಮಂತಪ್ಪ ಆಡುವುದನ್ನು ಮರೆತು ಮಂದಿಯನ್ನೇ ನೋಡುತ್ತ ನಿಂತ. ಕುಸ್ತಿಯಲ್ಲೂ ಹೀಗೇ ಅಲ್ಲವೇ? ನಮ್ಮವನು ಯಾರು ಎಂಬುದು ಗೊತ್ತಿದ್ದರೆ ತಾನೇ ಗಂಟಲು ಹರಿಯುವಂತೆ ಕೂಗುವುದು! ಆಟ ತಿಳಿಯದವರೂ ಎದೆ ಬಡಿದುಕೊಳ್ಳುತ್ತಿದ್ದರು. ಗೌಡರು ರೈತರ ಕಡೆ ಆಡುತ್ತಿದ್ದ ಅಣ್ಣನ ಮಗ ತೋಟಪ್ಪನಿಗಾಗಿ ರುಮಾಲು ಬಿಚ್ಚಿ ಬೀಸುತ್ತಿದ್ದರು.

ನೇಕಾರರು ಗೆದ್ದರು. ಹನಮಂತಪ್ಪ ಅಂಜುತ್ತಲೇ ಗೌಡರ ಬಳಿ ಹೋದ.

"ನೇಗಿಲ ಹೂಡಸ್ತೀರೇನ್ರಿ ಗೌಡ್ರ?"

"ಸುಮ್ನಿರಲೇ!" ಕೂಗಿ ಕೂಗಿ ಗೌಡರ ದನಿ ಒಡೆದುಹೋಗಿತ್ತು. "ಸೋತ ನೆಲದಾಗ ಜ್ವಾಳ ಬಿತ್ತಿದ್ರ ನಿಮ್ಮ ಓಣಿ ಹೆಂಗಸರು ಹಾಡ ಕಟ್ಟತಾರ. ಮುಂದಿನ ಅಮಾಸಿಗೆ ಬರ್ರಿ, ತೋರಸ್ತೀವಿ!"