ಸೊಂಟದ ಭಾರ

ಎಡಗಡೆಯ ಜಡೆ ಮುಗಿದು ರಿಬ್ಬನ್ನಿನ ಗಂಟೂ ಬಿದ್ದಿತ್ತು. ಬಲಗಡೆಯ ಕೂದಲನ್ನು ಮೂರು ಎಳೆ ಮಾಡಿ ಹೆಣೆಯತೊಡಗಿದ್ದಳು, ಫೋನು ಬಂತು.

ಜ್ಯೋತಿಲಕ್ಷ್ಮಿಯ ಮಂಡಿಗಳ ನಡುವೆ ಕೂತಿದ್ದ ಅಮೂಲ್ಯ ಇಡೀ ಬೆನ್ನನ್ನು ಅಮ್ಮನ ಹೊಟ್ಟೆಗೆ ಆನಿಸಿ ಅರ್ಧ ನಿದ್ದೆಯಲ್ಲಿದ್ದಳು. ಎರಡನೇ ಕ್ಲಾಸಿನ ಹುಡುಗಿ. ಜಡೆ ಹಾಕಿಸಿಕೊಳ್ಳುವಾಗ ಮೈಭಾರವನ್ನೆಲ್ಲ ಹಿಂದಕ್ಕೆ ಬಿಟ್ಟುಬಿಡುತ್ತಿದ್ದಳು.

"ಮೇಡಂ, ಸ್ಟೇಷನ್ನಿಂದ ರೈಟ್ರು ನರಸಯ್ಯ. ಎಲೆಕ್ಷನ್ ಮುಗೀತಲ್ಲ, ವಾಪಸ್ ಕೊಡಕ್ಕೆ ಆರ್ಡ್ರು ಬಂದೈತೆ. ನಿಮ್ ಐಟಂ ತಗೊಂಡೋಗಿ."

ಮೂರು ಎಳೆಗಳೂ ಬೆರಳಿನಿಂದ ಜಾರಿದವು.

"ಒಂದ್ನಿಮಿಷ ಪುಟ್ಟಿ," ಎಂದು ಮಗಳ ಬೆನ್ನನ್ನು ಮುಂದಕ್ಕೆ ತಳ್ಳಿ ಎದ್ದಳು. ತಳ್ಳಿದ್ದು ಮೆಲ್ಲಗೇ.

ಬೀರು ತೆಗೆದು ಲೈಸೆನ್ಸ್ ಹುಡುಕಿದಳು. ಉಟ್ಟಿದ್ದ ಸೀರೆ ಬಿಚ್ಚಿ, ಮೂರು ತಿಂಗಳಿಂದ ಮುಟ್ಟದ ಉದ್ದನೆಯ ಸಡಿಲ ಕುರ್ತಾ ಹಾಕಿಕೊಂಡಳು. ಗುಂಡಿಯನ್ನು ತಪ್ಪು ಕಾಜಕ್ಕೆ ಹಾಕಿ, ಬಿಚ್ಚಿ ಮತ್ತೆ ಹಾಕಿದಳು. ಗಂಡು ನೋಡಲು ಬಂದ ದಿನವೂ ಹೀಗೆ ಗಡಿಬಿಡಿ ಮಾಡಿಕೊಂಡಿರಲಿಲ್ಲವಲ್ಲ ಎಂದು ನಗು ಬಂತು.

ಗಂಡ ಯೋಗಾನಂದ ಚನ್ನಪಟ್ಟಣದ ಕಾಲೇಜೊಂದರಲ್ಲಿ ಇತಿಹಾಸದ ಮೇಷ್ಟ್ರು. ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ.

"ಬಾಣಂತನ ಮುಗೀತಾ?"

"ಯಾರ್ದು?"

"ತವರಿಗೋಗಿತ್ತಲ್ಲ, ಅದರದು."

"ಅವಳ ಇನ್ನೊಂದು ಜಡೆ ನೋಡ್ಕೊಳ್ರೀ. ವ್ಯಾನ್ ಬರೋ ಹೊತ್ತಾಯ್ತು."

"ನಂಗೆ ಜಡೆ ಬರಲ್ಲ ಕಣೇ."

"ರಬ್ಬರ್ ಬ್ಯಾಂಡ್ ಹಾಕಕ್ಕೆ ಬರುತ್ತಲ್ಲ."

ಅಪ್ಪ ಬಿಟ್ಟುಹೋದ ಕಲ್ಲು ಕ್ವಾರಿಯನ್ನು ಜ್ಯೋತಿಲಕ್ಷ್ಮಿಯೇ ನಡೆಸುತ್ತಿದ್ದಳು. ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಎರಡು ವರ್ಷದ ಹಿಂದೆ ಒಂದು ಸಂಜೆ, ಕ್ವಾರಿಯಿಂದ ಮನೆಗೆ ಬರುವಾಗ ಒಂದು ಬೈಕು ಅವಳ ಕಾರಿನ ಹಿಂದೆಯೇ ಕನಕಪುರದ ತನಕ ಬಂದು, ಪೆಟ್ರೋಲ್ ಬಂಕಿನ ಹತ್ತಿರ ತಿರುಗಿಕೊಂಡು ಹೋಯಿತು. ಆದದ್ದು ಅಷ್ಟೇ. ಆಗದೇ ಉಳಿದದ್ದು ಅವಳ ನಿದ್ದೆಗೆಡಿಸಿತು. ಅರ್ಜಿ, ವಿಚಾರಣೆ, ಲೈಸೆನ್ಸು, ಕೊನೆಗೆ ಪಿಸ್ತೂಲು.

ಮೊದಮೊದಲು, ಹೊಸದಾಗಿ ತಾಳಿ ಕಟ್ಟಿಸಿಕೊಂಡವಳು ಎದೆ ಮುಟ್ಟಿಕೊಳ್ಳುವ ಹಾಗೆ ಗಳಿಗೆಗೊಮ್ಮೆ ಸೊಂಟ ಮುಟ್ಟಿಕೊಳ್ಳುತ್ತಿದ್ದಳು. ಅಂಗಡಿಯಲ್ಲಿ ಎಲ್ಲರ ಕಣ್ಣೂ ಅಲ್ಲೇ ಇದೆ ಅನಿಸುತ್ತಿತ್ತು. ಯಾರೂ ನೋಡುತ್ತಿರಲಿಲ್ಲ. ನಿಧಾನವಾಗಿ ಕಲಿತಳು. ಬಗ್ಗುವ ಬದಲು ಮಂಡಿ ಮಡಿಸುವುದು. ನೆಂಟರು ತಬ್ಬಿಕೊಳ್ಳಲು ಬಂದರೆ ಎಡಗಡೆ ಕೊಡುವುದು. ಯಾರಿಗೂ ಬೆನ್ನು ಕೊಡದೇ ಇರುವುದು. ಒಂದು ದಿನ ಬಸ್‌ಸ್ಟ್ಯಾಂಡಿನ ಹತ್ತಿರ ಕಬ್ಬಿನ ಹಾಲು ಕುಡಿಯುತ್ತಾ, ಬೆಳಗಿನಿಂದ ಒಮ್ಮೆಯೂ ಅದರ ನೆನಪಾಗಿಲ್ಲ ಎಂದು ಹೊಳೆಯಿತು. ಮೈ ಜುಮ್ಮೆಂದಿತು. ಅದು ಕೈಕಾಲಿನಷ್ಟೇ ಅವಳದಾಗಿಬಿಟ್ಟಿತ್ತು.

ಅವಳಿಗಿಂತ ಬೇಗ ಕಲಿತವಳು ಅಮೂಲ್ಯ. ಒಮ್ಮೆ ಓಡಿ ಬಂದು ತಬ್ಬಿದಾಗ ಹಣೆಗೆ ಏನೋ ಗಟ್ಟಿಯಾದದ್ದು ಬಡಿಯಿತು. "ಮೊಬೈಲು," ಎಂದಳು ಜ್ಯೋತಿಲಕ್ಷ್ಮಿ. ಮೊಬೈಲು ಅವಳ ಕೈಯಲ್ಲೇ ಇತ್ತು. ಹುಡುಗಿ ಕೈಯನ್ನು ನೋಡಿದಳು, ಸೊಂಟವನ್ನು ನೋಡಿದಳು. ಆಮೇಲೆ ಜಡೆಗೆ ಕೂತಾಗ ನೆಟ್ಟಗೆ ಕೂರತೊಡಗಿದಳು. ಎಷ್ಟು ಜಾಣೆ ಎಂದು ತಾಯಿಗೆ ಹೆಮ್ಮೆಯಾಗಿತ್ತು.

ಚುನಾವಣೆಗೆಂದು ಎಲ್ಲರ ಆಯುಧಗಳ ಜೊತೆ ಪಿಸ್ತೂಲೂ ಠಾಣೆ ಸೇರಿದ ವಾರದಲ್ಲೇ ಮಗಳ ಬೆನ್ನು ತಾನಾಗಿ ವಾಪಸ್ ಬಂದು ಒರಗಿತ್ತು.

ಠಾಣೆಯ ಬೆಂಚಿನಲ್ಲಿ ಮುನಿಶಾಮಯ್ಯ ಎಂಬ ಮುದುಕರು ತಮ್ಮ ಕೋವಿಗಾಗಿ ಕಾಯುತ್ತಿದ್ದರು. ಬೆಳೆ ಕಾಯುವ ಕೋವಿ.

"ನಿಮ್ದೂ ಐತಾ ಅವ್ವಾ? ಎಷ್ಟುದ್ದ?"

ಅವಳು ಅಂಗೈ ತೋರಿಸಿದಳು.

"ಅಯ್, ಇಷ್ಟೇಯಾ. ಇದುಕ್ಕೆ ಹಂದಿ ಬೀಳ್ತದಾ?"

"ಹಂದಿಗಲ್ಲ."

"ಮತ್ತೆ ಯಾತಕ್ಕೆ?"

"ಸುಮ್ನೆ. ಜೊತೇಗೆ."

"ನಂದಿಲ್ದೆ ಈ ಮೂರ್ ತಿಂಗ್ಳಲ್ಲಿ ಹಂದಿಗೋಳು ಗೆಣಸೆಲ್ಲಾ ಬಗ್ದಾಕ್ಬುಟ್ವು. ನಿಮ್ಗೇನ್ ಲುಕ್ಸಾನಾಯ್ತು?"

"ಏನೂ ಇಲ್ಲ."

"ಪುಣ್ಯವಂತ್ರು ಬುಡಿ."

ನಿಜವಾಗಿಯೂ ಏನೂ ಆಗಿರಲಿಲ್ಲ. ಅದೇ ದಾರಿ, ಅದೇ ಸಂಜೆ, ಬರಿ ಸೊಂಟ. ಒಂದು ಬೈಕೂ ಹಿಂದೆ ಬಂದಿರಲಿಲ್ಲ. ಸಮಾಧಾನವಾಗಬೇಕಿತ್ತು. ಯಾರೋ ಅವಳನ್ನು ಮರೆತೇಬಿಟ್ಟ ಹಾಗೆ ಅವಮಾನವಾಯಿತು.

ನರಸಯ್ಯ ಬಟ್ಟೆಯ ಗಂಟು ಬಿಚ್ಚಿದ. "ನೋಡ್ಕಳಿ ಮೇಡಂ, ಒಂದು ಗೀರಿಲ್ಲ. ನಮ್ಮನೆ ಮಗೀಗಿಂತ ಜ್ವಾಪಾನ ಮಾಡಿವ್ನಿ."

ಅಂಗೈಯಲ್ಲಿ ಅದರ ತೂಕ ಕೂತದ್ದೇ ತಡ, ಅವಮಾನವೆಲ್ಲ ಕರಗಿಹೋಯಿತು. ಕಾರಿನಲ್ಲಿ ಕೂತು, ಕುರ್ತಾ ಎತ್ತಿ, ಬಲಸೊಂಟದ ಮುಂದಕ್ಕೆ ಸಿಕ್ಕಿಸಿಕೊಂಡಳು. ತಣ್ಣಗೆ ಹೊಟ್ಟೆಗೆ ತಾಗಿತು. ಕಣ್ಣಲ್ಲಿ ನೀರು ಬಂತು. ಯಾಕೆ ಎಂದು ಕೇಳಿಕೊಳ್ಳಲಿಲ್ಲ.

ಪೇಟೆ ತೊಳೆದಿಟ್ಟ ಹಾಗೆ ಕಂಡಿತು. ಟೊಮೆಟೊ ಕೆಂಪಗಿತ್ತು. ಆಟೋದವನ ಹಾರ್ನಿಗೂ ನಗು ಬಂತು. ಕಾರು ನಿಲ್ಲಿಸಿ, ಬೇಕಿಲ್ಲದಿದ್ದರೂ ಇಳಿದು, ಜನರ ನಡುವೆ ನಡೆದಳು. ಯಾರಿಗೂ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ ಎನ್ನುವುದೇ ಕುಣಿಯುವಷ್ಟು ಖುಷಿಯಾಗಿತ್ತು.

ಹೂವಿನ ಚಿಕ್ಕಲಕ್ಷ್ಮಮ್ಮ ಒಂದು ಮೊಳ ಮಲ್ಲಿಗೆ ಅಳೆದು, ಮೇಲೆ ಒಸಿ ಕೊಸರು ಬಿಟ್ಟು, ಎದ್ದು ನಿಂತಳು. "ತಿರುಗವ್ವ, ಮುಡಿಸ್ತೀನಿ."

"ಕೈಗೇ ಕೊಡಿ."

"ನೆನ್ನೆ ಮುಡಿಸ್ಕಂಡೆಯಲ್ಲ. ಇವತ್ತು ನನ್ ಕೈ ಏನ್ ಕಚ್ತದಾ?"

"ಅರ್ಜೆಂಟೈತೆ."

"ತಿರುಗಕ್ಕೂ ಟೇಮಿಲ್ವಾ ತಾಯಿ," ಎಂದು ಮುದುಕಿ ಹೂವನ್ನು ಎಲೆಯಲ್ಲಿ ಸುತ್ತಿದಳು. ಸುತ್ತುವಾಗ ಕೊಸರನ್ನು ಕಿತ್ತಿಟ್ಟುಕೊಂಡಳು.

ಕ್ವಾರಿಯಲ್ಲೂ ದಿನವೆಲ್ಲ ಕಾಲು ನೆಲದ ಮೇಲಿರಲಿಲ್ಲ. ಮೇಸ್ತ್ರಿ ಎರಡು ಸಲ ಹೇಳಿದ್ದನ್ನು ಮೂರನೆಯ ಸಲ ಕೇಳಿಸಿಕೊಂಡಳು. ಸಂಜೆ ಮನೆಗೆ ಬರುವಾಗ ಕನ್ನಡಿಯಲ್ಲಿ ಹಿಂದಿನ ರಸ್ತೆ ನೋಡಿದಳು. ಖಾಲಿ. ಬರಲಿ ಎಂದು ಕಾರನ್ನು ನಿಧಾನ ಮಾಡಿದಳು. ಬರಲಿಲ್ಲ.

"ಅಮ್ಮಾ," ಎಂದು ಓಡಿ ಬಂದ ಅಮೂಲ್ಯ ಒಂದು ಮಾರು ದೂರದಲ್ಲಿ ನಿಂತಳು. ಎಡಗಡೆಯ ಜಡೆ ಬೆಳಗಿನಷ್ಟೇ ಬಿಗಿಯಾಗಿತ್ತು. ಬಲಗಡೆ ರಬ್ಬರ್ ಬ್ಯಾಂಡು ಎಲ್ಲೋ ಬಿದ್ದುಹೋಗಿ ಕೂದಲು ಭುಜದ ಮೇಲೆ ಕೆದರಿತ್ತು. ಅವಳು ಅಮ್ಮನ ಮುಖ ನೋಡುತ್ತಿರಲಿಲ್ಲ. ಕುರ್ತಾ ನೋಡುತ್ತಿದ್ದಳು.

"ಮಿಸ್ಸು, ಇದೇನ್ ಹೊಸ ಫ್ಯಾಷನ್ನಾ ಅಂದ್ರು."

"ನೀನೇನಂದೆ?"

"ಅಮ್ಮಂಗೆ ಕೆಲ್ಸ ಇತ್ತು ಅಂದೆ."

"ಬಾಚಣಿಗೆ ತಗೊಂಬಾ. ಈಗ ಹಾಕ್ತೀನಿ."

ಬಿಚ್ಚಿಡಬೇಕಿತ್ತು. ಬೀರು ಪಕ್ಕದ ಕೋಣೆಯಲ್ಲೇ ಇತ್ತು. ಆದರೆ ಬೆಳಿಗ್ಗೆ ತಣ್ಣಗಿದ್ದ ಲೋಹ ಈಗ ಅವಳ ಮೈ ಬಿಸಿಗೆ ಬಂದಿತ್ತು. ಇವತ್ತೊಂದಿನ, ಅಂದುಕೊಂಡಳು.

ಅಮೂಲ್ಯ ಬಂದು ಮಂಡಿಗಳ ನಡುವೆ ಕೂತಳು. ಜ್ಯೋತಿಲಕ್ಷ್ಮಿ ಸಿಕ್ಕು ಬಿಡಿಸಿದಳು, ಎಣ್ಣೆ ಸವರಿದಳು, ಮೂರು ಎಳೆ ಮಾಡಿದಳು. ಬೆರಳು ಚುರುಕಾಗಿ ಓಡುತ್ತಿದ್ದವು. ಅಂಥ ಒಳ್ಳೆಯ ಜಡೆ ಅವಳು ಎಂದೂ ಹಾಕಿರಲಿಲ್ಲ. ಆಗ ಏನೋ ಕಡಿಮೆಯಾದಂತೆನಿಸಿ ಕೆಳಗೆ ನೋಡಿದಳು.

ಮಗಳು ಫೋಟೋಗೆ ಕೂತವಳ ಹಾಗೆ ಬೆನ್ನು ಸೆಟೆಸಿ ಕೂತಿದ್ದಳು. ಪುಟ್ಟ ಕತ್ತು ಶ್ರಮದಿಂದ ನಡುಗುತ್ತಿತ್ತು. ಆ ಬೆನ್ನಿಗೂ ಅವಳ ಹೊಟ್ಟೆಗೂ ನಡುವೆ ಒಂದು ಅಂಗೈ ಅಗಲದ ಜಾಗ. ಕಿಟಕಿಯ ಇಳಿಬಿಸಿಲು ಆ ಸಂದಿನಲ್ಲಿ ಹಾದು ಆಚೆ ಗೋಡೆಗೆ ಹೋಗಿ ಬಿದ್ದಿತ್ತು. ಅವಳ ಎರಡು ಕೈಯಲ್ಲೂ ಕೂದಲಿತ್ತು. ಬಿಟ್ಟರೆ ಜಡೆ ಬಿಚ್ಚಿಕೊಳ್ಳುತ್ತದೆ.

ಅಮೂಲ್ಯ ಗೋಡೆಯ ಬಿಸಿಲನ್ನೇ ನೋಡುತ್ತಾ ಕೇಳಿದಳು.

"ಅಮ್ಮಾ, ಬೆಳಗ್ಗೆ ಥರ ಒರಗ್ಕೊಳ್ಲಾ, ಬ್ಯಾಡ್ವಾ?"