ದವಾಖಾನೆಯ ಕಂಪ್ಯೂಟರ್ ನಿಧಾನವಾದ ದಿನ

ನಮ್ಮ ದ್ವೀಪದ ದವಾಖಾನೆಯಲ್ಲಿ ಇರುವುದು ಒಬ್ಬಳೇ ನರ್ಸ್, ಒಂದೇ ಕಂಪ್ಯೂಟರ್. ಆ ಕಂಪ್ಯೂಟರ್ ಕೆಲವು ವಾರಗಳಿಂದ ತುಂಬ ನಿಧಾನವಾಗಿತ್ತು. ಬೆಳಿಗ್ಗೆ ಅದನ್ನು ಹಚ್ಚಿ, ಕಸ ಗುಡಿಸಿ, ಚಹಾ ಕುಡಿದು ಬಂದರೂ ಇನ್ನೂ ತೆರೆದಿರುತ್ತಿರಲಿಲ್ಲ. ನಾವೆಲ್ಲ ನಗುತ್ತಿದ್ದೆವು. ಆದರೆ ಆ ಗುರುವಾರ ಯಾರಿಗೂ ನಗು ಬರಲಿಲ್ಲ.

ಅಂದು ಬೆಳಿಗ್ಗೆ ರೇಡಿಯೊದಲ್ಲಿ ಚಂಡಮಾರುತದ ಎಚ್ಚರಿಕೆ ಬಂತು. ಮಧ್ಯಾಹ್ನ ಮೂರು ಗಂಟೆಗೆ ಸರ್ಕಾರದ ದೋಣಿ ಬರುತ್ತದೆ, ಹೆರಿಗೆ ಹತ್ತಿರ ಬಂದವರನ್ನೂ ಕಾಯಿಲೆ ಜೋರಾಗಿರುವವರನ್ನೂ ದೊಡ್ಡ ಆಸ್ಪತ್ರೆಗೆ ಕರೆದೊಯ್ಯುತ್ತದೆ, ಅಲೆ ಏಳುವ ಮೊದಲೇ ಹೊರಡಬೇಕಾದ್ದರಿಂದ ಯಾರಿಗಾಗಿಯೂ ಕಾಯುವುದಿಲ್ಲ ಎಂದರು.

ಯಾರನ್ನು ಕಳಿಸಬೇಕು? ಆ ಪಟ್ಟಿ ಇದ್ದದ್ದು ಕಂಪ್ಯೂಟರಿನಲ್ಲಿ. ಹಳೆಯ ಕಾಗದದ ಪುಸ್ತಕ ಹಿಂದಿನ ಚಂಡಮಾರುತದಲ್ಲೇ ನೆನೆದು ಮುದ್ದೆಯಾಗಿತ್ತು. ಹಳೆಯ ನರ್ಸ್ ನಿವೃತ್ತಳಾಗಿ ರಾಜಧಾನಿ ಸುವಾಗೆ ಹೋಗಿದ್ದಳು. ಹೊಸ ನರ್ಸ್ ವಿಲಿಮೈನಾ ಬಂದು ಎರಡೇ ತಿಂಗಳು. ದ್ವೀಪದ ಐದು ಊರಿನ ಜನರ ಮುಖವೂ ಅವಳಿಗೆ ಇನ್ನೂ ಸರಿಯಾಗಿ ಪರಿಚಯವಾಗಿರಲಿಲ್ಲ.

ನಾನು ನಮ್ಮೂರ ಮಹಿಳಾ ಸಂಘದವಳು. ಔಷಧಿಗಳನ್ನು ಡಬ್ಬಕ್ಕೆ ತುಂಬಲು ದವಾಖಾನೆಗೆ ಹೋದಾಗ ವಿಲಿಮೈನಾಳ ಗಂಡ ಅಪೆನಿಸ ಕಂಪ್ಯೂಟರ್ ಮುಂದೆ ಕೂತಿದ್ದ. ಅವನು ಬಡಗಿ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು.

"ಇವತ್ತೇ ಇದಕ್ಕೆ ಒಂದು ಗತಿ ಕಾಣಿಸ್ತೀನಿ ನೋಡಿ," ಎಂದ. "ಒಂದು ಪ್ರೋಗ್ರಾಂ ತಂದಿದೀನಿ. ರಿಜಿಸ್ಟ್ರಿ ತೊಳೆಯುತ್ತಂತೆ. ಹತ್ತು ಪಟ್ಟು ವೇಗ ಗ್ಯಾರಂಟಿ. ಪುಕ್ಕಟೆ ಬೇರೆ!"

"ಇವತ್ತು ಬೇಡ ರೀ," ಎಂದಳು ವಿಲಿಮೈನಾ. "ನಿಧಾನ ಆದ್ರೂ ತೆರೆಯುತ್ತಲ್ಲ."

"ತೆರೆಯೋ ಹೊತ್ತಿಗೆ ದೋಣಿ ಹೋಗಿರುತ್ತೆ. ನೋಡಿಲ್ಲಿ, ಸಾವಿರದ ಮುನ್ನೂರ ಎಂಬತ್ತೆರಡು ದೋಷ! ಇಷ್ಟು ಹೊಲಸು ಇಟ್ಕೊಂಡು ಅದು ಓಡೋದಾದ್ರೂ ಹೇಗೆ?"

ಪರದೆಯ ಮೇಲೆ ಕೆಂಪು ಅಕ್ಷರಗಳು ಬೆದರಿಸುವಂತೆ ಮಿಣಮಿಣ ಎನ್ನುತ್ತಿದ್ದವು. ಅಪೆನಿಸ ಗುಂಡಿ ಒತ್ತಿಯೇ ಬಿಟ್ಟ. ಕಂಪ್ಯೂಟರ್ ಆರಿ, ಮತ್ತೆ ಹತ್ತಿಕೊಳ್ಳಲು ಮುಕ್ಕಾಲು ಗಂಟೆ ತೆಗೆದುಕೊಂಡಿತು. ಹತ್ತಿಕೊಂಡ ಮೇಲೆ ಪ್ರಿಂಟರ್ ಕೆಲಸ ಮಾಡಲಿಲ್ಲ. ರೋಗಿಗಳ ಪುಸ್ತಕ ತೆರೆಯಲು ಹೋದರೆ, ಈ ಪ್ರೋಗ್ರಾಂ ಸಿಗುತ್ತಿಲ್ಲ ಎಂಬ ಉತ್ತರ.

ವಿಲಿಮೈನಾಳ ಮುಖ ಬಿಳಿಚಿಕೊಂಡಿತು. "ಏನ್ ಮಾಡಿದ್ರಿ?"

"ಗಾಬರಿ ಆಗ್ಬೇಡ. ಡಿಸ್ಕ್ ಒಳಗೆ ಎಲ್ಲ ಚೆಲ್ಲಾಪಿಲ್ಲಿ ಆಗಿರುತ್ತೆ. ಡಿಫ್ರಾಗ್ ಅಂತ ಇದೆ, ಒಂದು ಕಡೆ ಜೋಡಿಸಿಡುತ್ತೆ. ಅದನ್ನ ಹಾಕಿದೀನಿ," ಎಂದ ಅಪೆನಿಸ. ಆದರೆ ಅವನ ದನಿ ಮೊದಲಿನಷ್ಟು ಗಟ್ಟಿಯಿರಲಿಲ್ಲ.

ಹತ್ತು ಗಂಟೆಗೆ ಅಕನಿಸಿ ಬಂದಳು. ಅವಳು ಸುವಾದ ಕಚೇರಿಗಳಲ್ಲಿ ಇಪ್ಪತ್ತಾರು ವರ್ಷ ಕಂಪ್ಯೂಟರ್ ರಿಪೇರಿ ಮಾಡಿ, ಹೋದ ವರ್ಷವಷ್ಟೇ ಊರಿಗೆ ವಾಪಸಾದವಳು. ರಕ್ತದೊತ್ತಡದ ಮಾತ್ರೆ ಕೇಳಲು ಬಂದವಳು ಬಾಗಿಲಲ್ಲೇ ನಿಂತಳು.

"ಅದೇನು ಸದ್ದು?"

ನಾವು ಕಿವಿಗೊಟ್ಟೆವು. ಕಂಪ್ಯೂಟರಿನ ಒಳಗಿಂದ ಟಿಕ್... ಟಿಕ್... ಎಂದು ಉಗುರಿನಿಂದ ಕುಟ್ಟಿದ ಹಾಗೆ ಕೇಳುತ್ತಿತ್ತು.

"ಒಂದು ತಿಂಗಳಿಂದ ಹಂಗೇ ಇದೆ," ಎಂದ ಅಪೆನಿಸ.

"ಒಂದು ತಿಂಗಳಿಂದ ಕೇಳಿಸ್ಕೊಂಡು ಸುಮ್ನಿದ್ಯಾ? ನಿಮ್ಮ ದ್ವೀಪದೋರಿಗೆ ಕಿವಿ ಇರೋದು ಅಲಂಕಾರಕ್ಕಾ?" ನಮ್ಮ ದ್ವೀಪಕ್ಕೂ ಅವನ ದ್ವೀಪಕ್ಕೂ ಹಳೆಯ ನಂಟು. ಒಬ್ಬರನ್ನೊಬ್ಬರು ಹಂಗಿಸುವ ಹಕ್ಕು ಎರಡೂ ಕಡೆಯವರಿಗೆ ಹುಟ್ಟಿನಿಂದಲೇ ಬಂದದ್ದು. ಆದರೆ ಅಕನಿಸಿ ನಗುತ್ತಿರಲಿಲ್ಲ. "ಈಗ ಏನು ನಡೀತಿದೆ ಅದರಲ್ಲಿ?"

"ಡಿಫ್ರಾಗ್."

"ಅಯ್ಯೋ ಪುಣ್ಯಾತ್ಮ! ನಿಲ್ಲಿಸು ಮೊದಲು!"

ಅಪೆನಿಸ ಗಾಬರಿಯಿಂದ ಕರೆಂಟಿನ ವೈರ್‌ಗೆ ಕೈ ಹಾಕಿದ.

"ವೈರ್ ಕೀಳ್ಬೇಡ! ಪರದೆ ಮೇಲೆ ನಿಲ್ಲಿಸು ಅನ್ನೋ ಗುಂಡಿ ಇದೆಯಲ್ಲ, ಅದನ್ನ ಒತ್ತು. ಆಮೇಲೆ ಪದ್ಧತಿ ಪ್ರಕಾರ ಆರಿಸು."

ಕಂಪ್ಯೂಟರ್ ಆರಿತು. ಹೊರಗೆ ಗಂಡಸರು ಕಿಟಕಿಗಳಿಗೆ ಹಲಗೆ ಬಡಿಯುತ್ತಿದ್ದರು.

"ಡಿಸ್ಕ್ ಸಾಯ್ತಾ ಇದೆ," ಎಂದಳು ಅಕನಿಸಿ. "ನಿಧಾನ ಆಗಿದ್ದು ಅದಕ್ಕೇ. ಸಿಸ್ಟರ್, ಎದೆನೋವು ಅಂತ ಬಂದವನ ತಲೆ ಮೇಲೆ ಕೊಬ್ಬರಿ ಮೂಟೆ ಹೊರಿಸಿ ಗುಡ್ಡ ಹತ್ತಿಸ್ತೀಯಾ? ನಿನ್ನ ಗಂಡ ಮಾಡಿದ್ದು ಅದನ್ನೇ. ಡಿಫ್ರಾಗ್ ಅಂದ್ರೆ ಡಿಸ್ಕಲ್ಲಿರೋ ತುಣುಕುಗಳನ್ನೆಲ್ಲ ಎತ್ತಿ ಎತ್ತಿ ಬೇರೆ ಕಡೆ ಇಡೋದು. ಗಟ್ಟಿ ಡಿಸ್ಕಿಗೆ ಅದು ಕೆಲಸ. ಸಾಯೋ ಡಿಸ್ಕಿಗೆ ಅದೇ ಕೊನೆ."

"ಪಟ್ಟಿ ಹೋಯ್ತಾ ದೊಡ್ಡಮ್ಮ?" ಕೇಳಿದಳು ವಿಲಿಮೈನಾ.

"ಗೊತ್ತಿಲ್ಲ. ನನ್ನ ಲ್ಯಾಪ್‌ಟಾಪ್ ತರ್ತೀನಿ. ಯಾರೂ ಇದನ್ನ ಮುಟ್ಬೇಡಿ."

ಅವಳು ಲ್ಯಾಪ್‌ಟಾಪ್, ಒಂದು ಸಣ್ಣ ತಿರುಪುಳಿ, ಒಂದು ಕೇಬಲ್ ಹಿಡಿದು ಬಂದಳು. ಕಂಪ್ಯೂಟರ್ ಬಿಚ್ಚಿ ಡಿಸ್ಕನ್ನು ಹೊರತೆಗೆದಳು. ಅದು ಸುಡುತ್ತಿತ್ತು. ತಣಿಯಲಿ ಎಂದು ಮೇಜಿನ ಮೇಲೆ ಇಟ್ಟಳು. ಅರ್ಧ ಗಂಟೆ ನಾವು ಅದನ್ನೇ ನೋಡುತ್ತಾ ಕೂತೆವು.

ಅಪೆನಿಸನಿಗೆ ಸುಮ್ಮನಿರಲಾಗಲಿಲ್ಲ. "ಹೊಲಸು ತೊಳೆದದ್ದು ತಪ್ಪಾ ಮುದುಕಿ? ಅಷ್ಟೊಂದು ದೋಷ ತೋರಿಸ್ತಲ್ಲ."

"ಹೆದರಿಸಿದ್ರೆ ತಾನೇ ನೀನು ಗುಂಡಿ ಒತ್ತೋದು? ಕೇಳು. ರಿಜಿಸ್ಟ್ರಿ ಅಂದ್ರೆ ಯಾವ ಪ್ರೋಗ್ರಾಂ ಎಲ್ಲಿದೆ, ಪ್ರಿಂಟರ್ ಯಾವುದು ಅಂತ ಕಂಪ್ಯೂಟರ್ ಬರೆದಿಟ್ಕೊಳ್ಳೋ ಪುಸ್ತಕ. ಅದರಲ್ಲಿ ಲಕ್ಷಗಟ್ಟಲೆ ಸಾಲು. ಹಳೇ ಸಾಲು ಸಾವಿರ ಉಳಿದ್ರೂ ಅದಕ್ಕೆ ಭಾರ ಆಗಲ್ಲ. ಅಳಿಸಿದ್ರೆ ವೇಗ ಬರಲ್ಲ. ಆದ್ರೆ ಬೇಕಾದ ಒಂದು ಸಾಲು ಅಳಿಸಿ ಹೋದ್ರೆ, ನೀನೇ ನೋಡಿದ್ಯಲ್ಲ, ಪ್ರಿಂಟರ್ ಎಲ್ಲಿ ಅಂತಾನೇ ಅದಕ್ಕೆ ಮರೆತುಹೋಯ್ತು."

"ಹಾಗಾದ್ರೆ ಡಿಫ್ರಾಗ್ ಎಲ್ಲಾ ಸುಳ್ಳಾ?" ಎಂದು ನಾನು ಕೇಳಿದೆ.

"ಸುಳ್ಳಲ್ಲ. ತಿರುಗೋ ಹಳೇ ಡಿಸ್ಕು, ತುಂಬ ಚೆಲ್ಲಾಪಿಲ್ಲಿ ಆಗಿದ್ರೆ ಸ್ವಲ್ಪ ಉಪಯೋಗ ಉಂಟು. ಅದನ್ನೂ ಈಗಿನ ಕಂಪ್ಯೂಟರು ವಾರಕ್ಕೊಮ್ಮೆ ತಾನೇ ಮಾಡ್ಕೊಳ್ಳುತ್ತೆ. ತಿರುಗದೇ ಇರೋ ಹೊಸ ಥರದ ಡಿಸ್ಕಿಗೆ ಅದು ಬೇಕಾಗೇ ಇಲ್ಲ. ಸುಮ್ನೆ ಸವೆತ. ನೀವು ಡಿಸ್ಕಿನ ಮುಂದೆ ಕೂತು ಗುಂಡಿ ಒತ್ತೋ ಕಾಲ ಹೋಯ್ತು."

ಹನ್ನೊಂದೂವರೆಗೆ ಡಿಸ್ಕನ್ನು ತನ್ನ ಲ್ಯಾಪ್‌ಟಾಪಿಗೆ ಜೋಡಿಸಿದಳು. ಟಿಕ್ ಸದ್ದು ಮತ್ತೆ ಶುರುವಾಯಿತು.

"ಎಲ್ಲಾನೂ ಒಟ್ಟಿಗೆ ನಕಲು ಮಾಡು," ಎಂದ ಅಪೆನಿಸ.

"ಒಟ್ಟಿಗೆ ಕೇಳಿದ್ರೆ ದಾರೀಲೇ ಬಿದ್ದುಹೋಗುತ್ತೆ. ಸಿಸ್ಟರ್, ಒಂದೇ ಒಂದು ಸಿಗುತ್ತೆ ಅಂದ್ರೆ ಯಾವುದು ಬೇಕು?"

ವಿಲಿಮೈನಾ ಯೋಚಿಸಲಿಲ್ಲ. "ಬಸುರಿಯರ ಪಟ್ಟಿ. ಹಳೇ ಸಿಸ್ಟರ್ ತಿಂಗಳು ತಿಂಗಳು ಬೇರೆಯಾಗಿ ಬರೆದಿಟ್ಟಿದ್ರು."

ಪಟ್ಟಿಯ ಹೆಸರು ಕಾಣಿಸಿತು. ನಕಲು ಅರ್ಧಕ್ಕೆ ಬಂದು ನಿಂತಿತು. ಐದು ನಿಮಿಷ, ಹತ್ತು ನಿಮಿಷ. ಡಿಸ್ಕ್ ಪರದೆಯಿಂದ ತನ್ನಷ್ಟಕ್ಕೆ ಮಾಯವಾಯಿತು. ಅಕನಿಸಿ ಅದನ್ನು ತೆಗೆದಳು, ತಣಿಸಿದಳು, ಮತ್ತೆ ಜೋಡಿಸಿದಳು. ಮತ್ತೆ ನಿಂತಿತು. ಗಾಳಿ ಮಾಡಿನ ತಗಡನ್ನು ಎಳೆಯತೊಡಗಿತ್ತು. ಊರ ಯಜಮಾನರು ಎರಡು ಸಲ ಇಣುಕಿ, "ಹೆಸರು ಕೊಡಿ ತಾಯಿ, ಜನ ತಯಾರಾಗಬೇಕು," ಎಂದು ಅವಸರಿಸಿದರು. ವಿಲಿಮೈನಾ ತನಗೆ ಗೊತ್ತಿದ್ದ ಆರು ಹೆಸರುಗಳನ್ನು ಬರೆದುಕೊಟ್ಟಳು.

ಒಂದು ಮುಕ್ಕಾಲಿಗೆ, ನಾಲ್ಕನೇ ಸಲ, ಪಟ್ಟಿ ತೆರೆಯಿತು.

ಅದರಲ್ಲಿ ಏಳು ಹೆಸರಿತ್ತು. ಏಳನೆಯದು ಸಾಲಸೈನಿ. ಲೆಕ್ಕ ಹಾಕಿದರೆ ಈಗ ಎಂಟು ತಿಂಗಳು ಮುಗಿದಿದೆ. ಹಿಂದಿನ ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವ. ಅಪರೂಪದ ರಕ್ತದ ಗುಂಪು. ದ್ವೀಪದಲ್ಲಿ ಹೆರಿಗೆ ಮಾಡಿಸಲೇಬಾರದು ಎಂದು ಹಳೆಯ ನರ್ಸ್ ಬರೆದಿದ್ದಳು.

"ಇವಳನ್ನ ನಾನು ನೋಡೇ ಇಲ್ಲ!" ವಿಲಿಮೈನಾ ಎದ್ದು ನಿಂತಳು. "ಎಲ್ಲಿದಾಳೆ?"

"ಗುಡ್ಡದಾಚೆ ಕೊಲ್ಲಿಯಲ್ಲಿ, ಸೋದರಮಾವನ ಮನೇಲಿ," ಎಂದೆ ನಾನು. "ಮೂರು ತಿಂಗಳಾಯ್ತು ಹೋಗಿ. ನಮಗ್ಯಾರಿಗೂ ನೆನಪೇ ಬರ್ಲಿಲ್ಲ."

ನನ್ನ ಮಾತು ಮುಗಿಯುವ ಮೊದಲೇ ಅಪೆನಿಸ ಬಾಗಿಲು ದಾಟಿದ್ದ. ಗುಡ್ಡದ ದಾರಿ ಹಿಡಿದು ಓಡಿದ. ದೊಡ್ಡ ದೋಣಿ ಮೂರಕ್ಕೆ ಸರಿಯಾಗಿ ಬಂತು. ಆರು ಜನ ಹತ್ತಿದರು. ದೋಣಿಯ ನಾಯಕ ಕಡಲನ್ನೂ ಗಡಿಯಾರವನ್ನೂ ನೋಡಿ ತಲೆಯಾಡಿಸಿದ. ವಿಲಿಮೈನಾ ಮೊಣಕಾಲುದ್ದ ನೀರಿನಲ್ಲಿ ನಿಂತು, "ಐದು ನಿಮಿಷ ಅಣ್ಣ, ಐದೇ ನಿಮಿಷ," ಎಂದು ಬೇಡಿಕೊಳ್ಳುತ್ತಿದ್ದಳು. ಹಗ್ಗ ಬಿಚ್ಚುವಾಗ ಭೂಶಿರದ ಅಂಚಿನಿಂದ ಒಂದು ಸಣ್ಣ ಮೋಟಾರು ದೋಣಿ ಅಲೆಗೆ ಎಗರುತ್ತಾ ಬಂತು. ಸೋದರಮಾವ ದೋಣಿ ನಡೆಸುತ್ತಿದ್ದ. ಅಪೆನಿಸ ಸಾಲಸೈನಿಯನ್ನು ಟಾರ್ಪಾಲಿನಲ್ಲಿ ಸುತ್ತಿ ಅಲುಗದಂತೆ ಹಿಡಿದಿದ್ದ.

ಅಂದು ಸಂಜೆಯೊಳಗೆ ಡಿಸ್ಕ್ ಪೂರ್ತಿ ನಿಂತುಹೋಯಿತು. ಮಕ್ಕಳ ತೂಕ, ಲಸಿಕೆಯ ಲೆಕ್ಕ ಎಲ್ಲ ಹೋಯಿತು. ಚಂಡಮಾರುತ ದಾಟಿದ ಮೇಲೆ ವಿಲಿಮೈನಾ ಮೂರು ತಿಂಗಳು ಮನೆಮನೆ ಅಲೆದು ಮತ್ತೆ ಬರೆದುಕೊಂಡಳು. ಅವಳ ಜೊತೆ ತೂಕದ ತಕ್ಕಡಿ ಹೊತ್ತು ಅಲೆದವನು ಅಪೆನಿಸ.

ಸಾಲಸೈನಿಗೆ ಐದನೇ ದಿನ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಈ ಸಲವೂ ರಕ್ತ ನಿಲ್ಲಲಿಲ್ಲ. ಆದರೆ ಅವಳ ಜೊತೆ ಬರೆದು ಕಳಿಸಿದ್ದ ಪಟ್ಟಿ ನೋಡಿದ್ದ ವೈದ್ಯರು ಅವಳ ಗುಂಪಿನ ರಕ್ತವನ್ನು ಮೊದಲೇ ತರಿಸಿಟ್ಟಿದ್ದರು. ತಾಯಿ ಉಳಿದಳು, ಹೆಣ್ಣು ಮಗು ಉಳಿಯಿತು.

ದವಾಖಾನೆಗೆ ಹೊಸ ಥರದ ಡಿಸ್ಕ್ ಬಂದಿದೆ. ಕಂಪ್ಯೂಟರ್ ಹಚ್ಚಿದಾಗ ಬೇಡದಿದ್ದರೂ ಶುರುವಾಗುವ ಪ್ರೋಗ್ರಾಮುಗಳನ್ನು ಅಕನಿಸಿ ನಿಲ್ಲಿಸಿದಳು. ಈಗ ಅದು ಒಂದು ನಿಮಿಷದೊಳಗೆ ತೆರೆಯುತ್ತದೆ. ಪ್ರತಿ ಶುಕ್ರವಾರ ಪಟ್ಟಿಯ ಒಂದು ನಕಲು ಯಜಮಾನರ ಮನೆಗೆ ಹೋಗುತ್ತದೆ. ಯಾಂಗೋನಾ ಬೇರಿನ ಪಾನಕ ಕುಡಿಯುವ ಕೂಟದಲ್ಲಿ ಯಾರಾದರೂ ವೇಗದ ಪ್ರೋಗ್ರಾಂ ಸಿಕ್ಕಿದೆ ಎಂದರೆ ಅಪೆನಿಸ ಬಟ್ಟಲು ಕೆಳಗಿಡುತ್ತಾನೆ. "ನನ್ನ ಕೈಯಲ್ಲೊಂದು ಜೀವ ಹೋಗ್ತಿತ್ತು ಕಣ್ರೋ," ಎನ್ನುತ್ತಾನೆ. ಆಗ ಅವನನ್ನು ಯಾರೂ ಹಂಗಿಸುವುದಿಲ್ಲ.

ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಶಾಲೆಯಲ್ಲಿ, ಸಂಘದಲ್ಲಿ, ಮನೆಯಲ್ಲಿ ಕಂಪ್ಯೂಟರ್ ನಿಧಾನವಾಗಿದೆಯೇ? ಕೆಂಪು ಅಕ್ಷರಕ್ಕೆ ಹೆದರಿ ರಿಜಿಸ್ಟ್ರಿ ಅಳಿಸಬೇಡಿ. ಅದರಿಂದ ವೇಗ ಬರುವುದಿಲ್ಲ. ಡಿಫ್ರಾಗಿನ ಚಿಂತೆಯನ್ನು ಕಂಪ್ಯೂಟರಿಗೇ ಬಿಡಿ. ಡಿಸ್ಕ್ ಕಿಕ್ಕಿರಿದಿದೆಯೇ, ಬೇಡದ ಪ್ರೋಗ್ರಾಮುಗಳು ತಾವಾಗಿ ಶುರುವಾಗುತ್ತಿವೆಯೇ ಎಂದು ನೋಡಿ. ಟಿಕ್ ಟಿಕ್ ಸದ್ದು ಬಂದರೆ ಆರಿಸಿ, ತಿಳಿದವರನ್ನು ಕರೆಯಿರಿ. ಇದೆಲ್ಲಕ್ಕಿಂತ ಮೊದಲು, ಅದರೊಳಗೆ ಯಾರ ಯಾರ ಹೆಸರಿದೆ ಎಂದು ಒಮ್ಮೆ ನೆನೆಸಿಕೊಳ್ಳಿ. ಆ ಹೆಸರುಗಳ ನಕಲನ್ನು ಇವತ್ತೇ, ಕಂಪ್ಯೂಟರ್ ಇನ್ನೂ ತೆರೆಯುತ್ತಿರುವಾಗಲೇ, ಬೇರೊಂದು ಕಡೆ ಇಡಿ.